ಸರಕಾರಕ್ಕೊಂದು ಮತ ಬೇಕೇ?

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ವರ್ಷಗಳಿಂದ ‘ನಮ್ಮದು ಕ್ರೈಸ್ತ ರಾಷ್ಟ್ರವು, ನಮ್ಮ ಕಾಯದೆಗಳು ಬೈಬಲ್ಲಿಗೆ ಒಪ್ಪುವಂತಿರಬೇಕು’ ಎಂಬ ಕೂಗು ಬಲವಾಗಿ ಎದ್ದಿರುವದನ್ನು ವಾಚಕರು ಬಲ್ಲರು. ೨೦೨೧ನೆಯ ಇಸವಿಯ ಜನವರಿ ೬ರಂದು ವಾಶಿಂಗ್ಟನ್ನಿನ ಶಾಸನಸಭೆಯ ಭವನಕ್ಕೆ ನುಗ್ಗಿದ ಗುಂಪಿನೊಳಗೆ ಶಿಲುಬೆಗಳೂ ಏಸುವಿನ ಹೆಸರು ಬರೆದ ಬಾವುಟಗಳೂ ಕಂಡುಬಂದವು. ೨೦೨೪ರಲ್ಲಿ ಲೂಯಿಸಿಯಾನಾ ಸಂಸ್ಥಾನವು ಸರಕಾರೀ ಶಾಲೆಗಳ ಪ್ರತಿಯೊಂದು ವರ್ಗದ ಕೋಣೆಯಲ್ಲಿಯೂ ಬೈಬಲ್ಲಿನ ದಶಾಜ್ಞೆಗಳನ್ನು ತೂಗಹಾಕತಕ್ಕದ್ದೆಂದು ಕಾಯದೆ ಮಾಡಿತು. ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಕ್ರೈಸ್ತ ಉಪದೇಶಕರೂ ಇದ್ದರೆಂಬುದನ್ನು ಇಲ್ಲಿಯೇ ಗುರುತಿಸಿ ಇಡುವೆವು. ಈ ಮಾತಿನಿಂದ ಮುಂದೆ ಕೆಲಸವಿದೆ.

ಇದು ಕಡಲಾಚೆಯವರ ಮನೆಯ ಜಗಳವು, ಸೇಡಮ್ ಚಿತ್ತಾಪುರಗಳಲ್ಲಿರುವ ನಮಗೆ ಇದರ ಗೊಡವೆ ಯಾತಕ್ಕೆಂದು ಕೆಲವರು ಕೇಳಬಹುದು. ನಮ್ಮ ಅಭಿಪ್ರಾಯವು ಬೇರೆ. ಒಂದು ಮತವನ್ನು ಗದ್ದುಗೆಯ ಮೇಲೆ ಕುಳ್ಳಿರಿಸಿದರೆ ನಾಡಿನ ಗತಿಯೇನಾಗುವದೆಂಬುದನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲ ಸೀಮೆಯು ಕನ್ನಡನಾಡಿನಲ್ಲಿ ಯಾವುದಾದರೂ ಇದ್ದರೆ ಅದು ಸೇಡಮ್, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದಗಳ ಈ ಸೀಮೆಯೇ ಸರಿ. ನಮ್ಮ ಹಿರಿಯರು ೧೯೪೮ರ ವರೆಗೆ ಬಾಳಿದ್ದು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿ.

ಆದರೆ ಮೊದಲು ಅಮೇರಿಕೆಯ ಮಾತನ್ನು ಮುಗಿಸೋಣ. ಆ ದೇಶವನ್ನು ಕಟ್ಟಿದವರೇ ಅದನ್ನು ಕ್ರೈಸ್ತ ರಾಷ್ಟ್ರವನ್ನಾಗಿ ಕಟ್ಟಿದರೆಂದು ಅಲ್ಲಿಯ ಪುಢಾರಿಗಳು ಸಾರುತ್ತಿರುವರು. ದಸ್ತೈವಜುಗಳು ಹಾಗೆ ಹೇಳುವದಿಲ್ಲ. ಶಾಸನಸಭೆಯು ಯಾವ ಮತವನ್ನೂ ಸರಕಾರದ ಮತವನ್ನಾಗಿ ಸ್ಥಾಪಿಸುವ ಕಾಯದೆಯನ್ನು ಮಾಡಕೂಡದೆಂಬ ತಿದ್ದುಪಡಿಯು ೧೭೯೧ರಲ್ಲಿಯೇ ಅವರ ರಾಜ್ಯಘಟನೆಯಲ್ಲಿ ಸೇರಿತು. ೧೭೯೭ರಲ್ಲಿ ಟ್ರಿಪೋಲಿಯೊಡನೆ ಮಾಡಿಕೊಂಡ ಕೌಲಿನಲ್ಲಿ, ಅಮೇರಿಕೆಯ ಸರಕಾರವು ಯಾವ ಅರ್ಥದಲ್ಲಿಯೂ ಕ್ರೈಸ್ತಮತದ ತಳಹದಿಯ ಮೇಲೆ ನಿಂತುದಲ್ಲವೆಂದು ಸ್ಪಷ್ಟವಾಗಿ ಬರೆಯಲ್ಪಟ್ಟಿತು. ಅದಕ್ಕೆ ಸೆನೆಟ್ ಸಭೆಯು ಒಮ್ಮತದಿಂದ ಒಪ್ಪಿಗೆ ಕೊಟ್ಟಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮತಕ್ಕೂ ಸರಕಾರಕ್ಕೂ ನಡುವೆ ಗೋಡೆ ಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಹಂಬಲಿಸಿದವರು ಭಕ್ತರೇ. ವರ್ಜೀನಿಯಾದಲ್ಲಿ ಇಂಗ್ಲಂಡದ ಚರ್ಚು ಸರಕಾರೀ ಚರ್ಚಾಗಿದ್ದಾಗ ಬ್ಯಾಪ್ಟಿಸ್ಟ ಪಂಥದ ಉಪದೇಶಕರನ್ನು ಉಪದೇಶ ಮಾಡಿದ ಅಪರಾಧಕ್ಕಾಗಿ ಜೇಲಿಗೆ ಹಾಕಿದರು. ಅವರೂ ಕ್ರೈಸ್ತರು, ಜೇಲಿಗೆ ಹಾಕಿದವರೂ ಕ್ರೈಸ್ತರು! ಮುಂದೆ ೧೮೦೨ರಲ್ಲಿ ಅಧ್ಯಕ್ಷ ಜೆಫರ್ಸನ್ನರು ಆ ‘ಗೋಡೆ’ಯ ಮಾತನ್ನು ಬರೆದದ್ದು ಡ್ಯಾನ್ಬರಿ ಎಂಬ ಊರಿನ ಬ್ಯಾಪ್ಟಿಸ್ಟರಿಗೆ ಧೈರ್ಯ ಹೇಳುವ ಪತ್ರದಲ್ಲಿ.

ಶಾಲೆಯಲ್ಲಿ ಬೈಬಲ್ಲಿರಲಿ ಎಂದೊಡನೆ ಯಾವ ಬೈಬಲ್ಲು ಎಂಬ ಪ್ರಶ್ನೆಯು ಹುಟ್ಟುತ್ತದೆ. ೧೮೪೪ರಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ಪ್ರಾಟೆಸ್ಟಂಟರ ಬೈಬಲ್ಲೋ ಕ್ಯಾಥೋಲಿಕರ ಬೈಬಲ್ಲೋ ಎಂಬ ಕಿಡಿಯಿಂದ ಹೊತ್ತಿದ ದಂಗೆಯಲ್ಲಿ ಕ್ಯಾಥೋಲಿಕ ಚರ್ಚುಗಳು ಸುಟ್ಟು ಬೂದಿಯಾದವು. ದಶಾಜ್ಞೆಗಳೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಆ ಹತ್ತನ್ನು ಎಣಿಸುವ ಕ್ರಮದಲ್ಲಿಯೇ ಯೆಹೂದ್ಯರೂ ಕ್ಯಾಥೋಲಿಕರೂ ಪ್ರಾಟೆಸ್ಟಂಟರೂ ಒಬ್ಬರಂತೆ ಒಬ್ಬರಿಲ್ಲ. ಶಾಲೆಯ ಗೋಡೆಗೆ ತೂಗಹಾಕುವ ಹಲಗೆಯ ಮೇಲೆ ಒಂದೇ ಕ್ರಮ ಹಿಡಿದೀತು. ಉಳಿದವರದು ತಪ್ಪೆಂದು ಸರಕಾರವೇ ತೀರ್ಪು ಕೊಟ್ಟಂತಾಯಿತು. ಲೂಯಿಸಿಯಾನಾದ ಉಪದೇಶಕರು ಕೋರ್ಟಿಗೆ ಹೋದದ್ದರ ಮರ್ಮವು ಇದರಿಂದ ತಿಳಿದೀತು.

ಇನ್ನು ನಮ್ಮ ಮನೆಯ ಕಥೆ. ಹೈದರಾಬಾದ ಸಂಸ್ಥಾನದ ಪ್ರಜೆಗಳಲ್ಲಿ ನೂರರಲ್ಲಿ ಎಂಬತ್ತಕ್ಕೂ ಮಿಕ್ಕಿದವರು ಹಿಂದುಗಳಾಗಿದ್ದರು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಜನರಾಗಿದ್ದರು. ರಾಜ್ಯದ ಭಾಷೆ ಉರ್ದು. ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿಯೇ. ನಿಜಾಮ ಮೀರ್ ಉಸ್ಮಾನ್ ಅಲಿಖಾನರು ಹಿಂದೂ ದೇವಸ್ಥಾನಗಳಿಗೆ ದತ್ತಿ ಕೊಟ್ಟದ್ದುಂಟು, ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಧನಸಹಾಯ ಮಾಡಿದ್ದುಂಟು. ಇದನ್ನು ಮರೆಮಾಚುವದು ಪ್ರಾಮಾಣಿಕತೆಯಲ್ಲ. ಆದರೆ ವಕೀಲಿಯಲ್ಲಿ ಎರಡು ದಶಕ ಕಳೆದ ನಾವು ಕೇಳುವದಿಷ್ಟೇ: ಅದು ಪ್ರಜೆಯ ಹಕ್ಕೋ, ಪ್ರಭುವಿನ ಕೃಪೆಯೋ? ಅದೇ ಸಂಸ್ಥಾನದಲ್ಲಿ ಹೊಸದಾಗಿ ಗುಡಿ ಕಟ್ಟುವದಕ್ಕೂ ಹಳೆಯ ಗುಡಿಯನ್ನು ದುರಸ್ತು ಮಾಡುವದಕ್ಕೂ ಸರಕಾರದ ಮತೀಯ ಇಲಾಖೆಯ ಪರವಾನಗಿ ಬೇಕಾಗಿದ್ದಿತು. ೧೯೩೮-೩೯ರಲ್ಲಿ ಆರ್ಯಸಮಾಜದವರು ಸತ್ಯಾಗ್ರಹ ಹೂಡಿ ಸಾವಿರಗಟ್ಟಲೆ ಜನರು ಸೆರೆಮನೆ ಸೇರಿದ್ದು ಇಂಥ ನಿರ್ಬಂಧಗಳ ವಿರುದ್ಧವಾಗಿ. ದತ್ತಿ ಕೊಡುವ ಕೈಯೇ ಪರವಾನಗಿ ನಿರಾಕರಿಸುವ ಕೈಯೂ ಆಗಿರುವಲ್ಲಿ, ಭಕ್ತನು ಸಾಹೇಬರ ಕಚೇರಿಯ ಹೊರಗೆ ಅರ್ಜಿ ಹಿಡಿದು ನಿಲ್ಲತಕ್ಕವನೇ ಹೊರತು ನಾಗರಿಕನಾಗಲಾರನು.

ಇದಕ್ಕೂ ಮುಂದಿನ ಹೆಜ್ಜೆಯನ್ನು ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯವರು ಇಟ್ಟರು. ಬಹಾದೂರ್ ಯಾರ್ ಜಂಗರ ಮುಂದಾಳುತನದಲ್ಲಿ ಅವರು ‘ಅನಲ್ ಮಾಲಿಕ್’, ಅಂದರೆ ‘ನಾನೇ ಒಡೆಯ’, ಎಂಬ ಸಿದ್ಧಾಂತವನ್ನು ಹರಡಿದರು. ರಾಜ್ಯದ ಸಾರ್ವಭೌಮತ್ವವು ನಿಜಾಮರದಲ್ಲ, ಸಂಸ್ಥಾನದ ಮುಸಲ್ಮಾನ ಸಮಾಜದ್ದು. ನಿಜಾಮರು ಆ ಒಡೆತನದ ಕುರುಹು ಮಾತ್ರ. ಹೊಲದಲ್ಲಿ ಕೂಲಿ ಮಾಡುವ ಬಡ ಮುಸಲ್ಮಾನನಿಗೂ ತಾನು ಅರಸನೆಂಬ ಮಾತು ಕೇಳಿ ಎಷ್ಟು ಸಂತೋಷವಾಗಿದ್ದೀತು! ಹೊಟ್ಟೆ ಮಾತ್ರ ತುಂಬಲಿಲ್ಲ. ೧೯೪೬ರಲ್ಲಿ ಆ ಸಂಸ್ಥೆಯ ಅಧ್ಯಕ್ಷತೆಯು ಲಾತೂರಿನ ವಕೀಲ ಕಾಸಿಮ ರಜವಿಯ ಕೈಗೆ ಬಂದಿತು. ನಮ್ಮ ವೃತ್ತಿಯವನೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮುಂದೆ ರಜಾಕಾರರು ಮಾಡಿದ್ದನ್ನು ಈ ಸೀಮೆಯಲ್ಲಿ ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಊರು ಬಿಟ್ಟು ಗಡಿಯಾಚೆಯ ಶಿಬಿರಗಳನ್ನು ಸೇರಿದವರ ಮಕ್ಕಳು ಮೊಮ್ಮಕ್ಕಳು ಈ ಪತ್ರಿಕೆಯನ್ನು ಓದುತ್ತಿರುವರು.

ಆದರೆ ಎರಡು ಸಂಗತಿಗಳನ್ನು ನಾವು ಪ್ರತಿವರ್ಷವೂ ಮರೆಯುತ್ತ ಬಂದಿರುವೆವು. ಒಂದನೆಯದು: ‘ಇಮ್ರೋಜ’ ಎಂಬ ಉರ್ದು ಪತ್ರದ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ, ಸಂಸ್ಥಾನವು ಹಿಂದುಸ್ಥಾನವನ್ನು ಸೇರಬೇಕೆಂದು ಬರೆದರು. ೧೯೪೮ರ ಅಗಸ್ಟ್ ತಿಂಗಳಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಂದರು. ಮುಸಲ್ಮಾನರ ರಾಜ್ಯವೆಂದು ಹೇಳಿಕೊಂಡವರು ಬಲಿ ತೆಗೆದುಕೊಂಡದ್ದು ಒಬ್ಬ ಮುಸಲ್ಮಾನನ ಲೇಖನಿಯನ್ನು. ಎರಡನೆಯದು ನಮಗೆ ಕಹಿಯಾದದ್ದು. ೧೯೪೮ರ ಸಪ್ಟೆಂಬರ ೧೩ರಿಂದ ೧೭ರ ವರೆಗೆ ಸೈನ್ಯದ ಕಾರ್ಯಾಚರಣೆ ನಡೆದು ಸಂಸ್ಥಾನವು ಬಿಡುಗಡೆ ಹೊಂದಿದ ಮೇಲೆ, ಸೇಡಿನ ಹೆಸರಿನಿಂದ ನಿರಪರಾಧಿಗಳಾದ ಮುಸಲ್ಮಾನರ ಹತ್ಯೆಯಾಯಿತು. ಅದೇ ವರ್ಷದ ಕೊನೆಯಲ್ಲಿ ಪಂಡಿತ ಸುಂದರಲಾಲರ ಮಂಡಲವು ಸರಕಾರದ ಕೋರಿಕೆಯಂತೆ ಸಂಚರಿಸಿ, ಸತ್ತವರ ಸಂಖ್ಯೆಯು ೨೭,೦೦೦ದಿಂದ ೪೦,೦೦೦ದ ವರೆಗೆ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚಿನ ಹಾನಿಗೊಳಗಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ. ವಾಚಕರೇ, ಕಲಬುರ್ಗಿಯೆಂದರೆ ನಾವು. ಆ ವರದಿಯು ದಶಕಗಳ ಕಾಲ ಕಪಾಟಿನಲ್ಲಿ ಕೊಳೆಯಿತು. ಒಂದು ಮತವನ್ನು ಗದ್ದುಗೆಗೇರಿಸಿದಾಗ ಮೊದಲು ಅನ್ಯಮತದವನು ಸಾಯುವನು, ಆ ಮೇಲೆ ಅದೇ ಮತದ ಸತ್ಯವಾದಿಯು ಸಾಯುವನು, ಗದ್ದುಗೆ ಉರುಳಿದ ದಿನ ಆ ಮತದ ಏನೂ ಅರಿಯದ ಬಡವನು ಸಾಯುವನು. ಈ ಮೂರೂ ನಮ್ಮ ಕಣ್ಣೆದುರಿಗೆ ನಡೆದವು.

ಇನ್ನು, ನಮ್ಮ ಪೂರ್ವದ ಅರಸರು ಧರ್ಮರಾಜ್ಯವನ್ನೇ ಆಳಿದರಲ್ಲವೇ ಎಂದು ಕೇಳುವವರುಂಟು. ಅವರಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಆದಿತ್ಯನಗರದ ಸಿಮೆಂಟ್ ಕಾರಖಾನೆಯ ನೆರೆಯಲ್ಲಿಯೇ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿರುವದು. ರಾಷ್ಟ್ರಕೂಟರ ಮಾನ್ಯಖೇಟವು ಇದೇ. ನೇಮಿನಾಥನ ಬಸದಿಯೂ ಇಲ್ಲಿಯೇ, ಮಾಧ್ವರ ಟೀಕಾಚಾರ್ಯರಾದ ಜಯತೀರ್ಥರ ವೃಂದಾವನವೂ ಇಲ್ಲಿಯೇ. ಒಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರ ಶಿಷ್ಯನು, ಜೈನಭಕ್ತನು. ಅಂಥವನು ಪ್ರಜೆಗಳಿಗೆ ಬಂದ ಉತ್ಪಾತವು ಪರಿಹಾರವಾಗಲೆಂದು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. ೮೭೧ರ ಸಂಜಾನ ತಾಮ್ರಪಟಗಳು ಹೇಳುತ್ತವೆ. ಬಲ್ಹರಾ ಎಂದು ತಾವು ಕರೆದ ಈ ಅರಸರ ನಾಡಿನಲ್ಲಿ ಮುಸಲ್ಮಾನರಿಗೆ ಮನ್ನಣೆಯಿತ್ತೆಂದೂ ಅವರ ಮಸೀದಿಗಳಿದ್ದುವೆಂದೂ ಅಲ್ ಮಸೂದಿಯಂಥ ಅರಬ ಪ್ರವಾಸಿಗಳು ಬರೆದಿಟ್ಟಿರುವರು. ಎಲ್ಲಕ್ಕೂ ಮಿಗಿಲಾದದ್ದು ಮೂರನೆಯ ಇಂದ್ರನ ಕಾಲದ, ಕ್ರಿ.ಶ. ೯೨೬ರ ಚಿಂಚಣಿ ತಾಮ್ರಪಟ. ಪಶ್ಚಿಮ ಕರಾವಳಿಯ ಸಂಜಾನ ಮಂಡಲಕ್ಕೆ ರಾಷ್ಟ್ರಕೂಟರು ನೇಮಿಸಿದ ಅಧಿಪತಿಯು ಮಧುಮತಿ ಎಂಬವನು. ‘ತಾಜಿಕ’ ವಂಶದವನೆಂದರೆ ಅರಬನು. ಮಧುಮತಿ ಎಂಬುದು ಮಹಮ್ಮದನ ಹೆಸರಿನ ಸಂಸ್ಕೃತ ರೂಪವೆಂದು ವಿದ್ವಾಂಸರ ಮತ. ಆ ಅರಬನು ಮಾನ್ಯಖೇಟದ ಅರಸನ ಒಪ್ಪಿಗೆ ಪಡೆದು ದೇವಿಯೊಬ್ಬಳ ಮಠಕ್ಕೆ ಭೂದಾನ ಮಾಡಿದನು.

ಇದರಿಂದ ರಾಷ್ಟ್ರಕೂಟರು ಇಂದಿನ ಅರ್ಥದಲ್ಲಿ ಮತಾತೀತ ರಾಜ್ಯ ನಡೆಯಿಸಿದರೆಂದು ನಾವು ಹೇಳುವದಿಲ್ಲ. ಅರಸೊತ್ತಿಗೆಯು ಅರಸೊತ್ತಿಗೆಯೇ. ಆದರೆ ಅರಸನ ಎದೆಯಲ್ಲಿ ಒಂದು ಮತವಿದ್ದರೂ ಅವನ ಆಸ್ಥಾನದ ಬಾಗಿಲಿಗೆ ಆ ಮತದ ಬೀಗವಿರಲಿಲ್ಲವೆಂಬುದು ನಿರ್ವಿವಾದವು. ಮಳಖೇಡದ ಮಣ್ಣಿನ ಮೇಲೆ ನಿಂತು ಒಂದೇ ಮತದ ರಾಜ್ಯವು ನಮ್ಮ ಪರಂಪರೆಯೆಂದು ಹೇಳುವವರು ತಮ್ಮ ಕಾಲ ಕೆಳಗಿನ ಶಾಸನವನ್ನಾದರೂ ಓದಬೇಕು.

ಸ್ವತಂತ್ರ ಭಾರತದ ರಾಜ್ಯಘಟನೆಯನ್ನು, ಇಂದು ನಾವು ಸಂವಿಧಾನವೆಂದು ಕರೆಯುವ ಆ ಗ್ರಂಥವನ್ನು, ಬರೆಯುವಾಗ ಈ ಪ್ರಶ್ನೆಯು ಬಹಿರಂಗವಾಗಿ ಚರ್ಚೆಗೆ ಬಂದಿತು. ಅದನ್ನು ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ೧೯೪೯ರ ಅಕ್ಟೋಬರ ೧೭ರಂದು, ಪೀಠಿಕೆಯು ‘ದೇವರ ಹೆಸರಿನಲ್ಲಿ’ ಎಂಬ ಮಾತಿನಿಂದ ಪ್ರಾರಂಭವಾಗಬೇಕೆಂದು ಅವರು ತಿದ್ದುಪಡಿ ಸೂಚಿಸಿದರು. ಸಭೆಯು ಇಕ್ಕಟ್ಟಿನಲ್ಲಿ ಬಿದ್ದಿತು. ಅಸ್ಸಾಮಿನ ರೋಹಿಣಿಕುಮಾರ ಚೌಧರಿಯವರು, ದೇವರಾದರೆ ದೇವಿಯೇಕೆ ಬೇಡವೆಂದು ಕೇಳಿದರು. ಪಂಡಿತ ಕುಂಜರೂ ಅವರು ವಿಚಾರಸ್ವಾತಂತ್ರ್ಯ ಶ್ರದ್ಧಾಸ್ವಾತಂತ್ರ್ಯಗಳ ವಚನ ಕೊಡುವ ಪೀಠಿಕೆಗೆ ಇದು ಒಗ್ಗುವದಿಲ್ಲವೆಂದರು. ದೇವರನ್ನು ಮತಕ್ಕೆ ಹಾಕಿಸಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಹಿಂತೆಗೆದುಕೊಳ್ಳಲಿಲ್ಲ. ಕೈಯೆತ್ತಿಸಿ ಎಣಿಸಿದಾಗ ಪರವಾಗಿ ೪೧, ವಿರುದ್ಧವಾಗಿ ೬೮. ನಮ್ಮ ಭಾಷೆಯಲ್ಲಿ ಶ್ರದ್ಧೆಗೂ ಮತ, ಚುನಾವಣೆಯ ಚೀಟಿಗೂ ಮತ. ಆ ಎರಡು ಮತಗಳೂ ಒಂದಕ್ಕೊಂದು ಢಿಕ್ಕಿ ಹೊಡೆದ ದಿನವದು. ವಿರುದ್ಧ ಕೈಯೆತ್ತಿದ ೬೮ ಜನರು ನಾಸ್ತಿಕರಾಗಿದ್ದರೆಂದು ಯಾರೂ ಭಾವಿಸಲಾಗದು. ನಿತ್ಯ ಪೂಜೆ, ನಮಾಜು, ಪ್ರಾರ್ಥನೆಗಳನ್ನು ಬಿಡದವರು ಅವರಲ್ಲಿ ಎಷ್ಟೋ ಜನ ಇದ್ದಿರಬೇಕು.

ಕಾಮತರಿಗೆ ಅನ್ಯಾಯ ಮಾಡಬಾರದು. ಹಿಂದಿನ ವರ್ಷದ ದಶಂಬರದಲ್ಲಿ ಅವರೇ ಇನ್ನೊಂದು ತಿದ್ದುಪಡಿಯನ್ನು ತಂದಿದ್ದರು: ಸರಕಾರವು ಯಾವ ಒಂದು ಮತವನ್ನೂ ಸ್ಥಾಪಿಸಕೂಡದು, ಅದಕ್ಕೆ ದತ್ತಿ ಕೊಡಕೂಡದು, ಆಶ್ರಯ ಕೊಡಕೂಡದು. ಅದೂ ಬಿದ್ದುಹೋಯಿತು. ದೇವರು ಬೇಕು, ಸರಕಾರೀ ಮತ ಬೇಡ ಎಂಬ ಈ ನಿಲುವನ್ನು ಇಂದಿನ ಗದ್ದಲದಲ್ಲಿ ಎರಡೂ ಪಕ್ಷದವರು ಮರೆತಿರುವರು. ನಮಗಂತೂ ಕಾಮತರ ಮೊದಲಿನ ಸೂಚನೆಯು ಬಿದ್ದದ್ದರ ಬಗ್ಗೆ ಇಂದಿಗೂ ವ್ಯಸನವೆನಿಸುವದು, ಎರಡನೆಯದು ಬಿದ್ದದ್ದರ ಬಗ್ಗೆ ವ್ಯಸನವಿಲ್ಲ.

ಅದೇ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇನ್ನೊಬ್ಬರು ಕುಳಿತಿದ್ದರು. ಜೆಸ್ವಿತ ಪಂಗಡದ ಪಾದ್ರಿ ಜೆರೋಮ್ ಡಿಸೋಜರು. ಕ್ರೈಸ್ತ ಪ್ರತಿನಿಧಿಗಳು ಶಾಸನಸಭೆಗಳಲ್ಲಿ ತಮಗೆ ಮೀಸಲು ಸ್ಥಾನಗಳು ಬೇಡವೆಂದು ಬಿಟ್ಟುಕೊಟ್ಟರು. ಅವರು ಕೇಳಿದ್ದು ತಮ್ಮ ಮತವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು; ಅದು ೨೫ನೆಯ ಅನುಚ್ಛೇದದಲ್ಲಿ ಸೇರಿತು. ಇಲ್ಲಿ ಅಲ್ಪಸಂಖ್ಯಾತನಾದ ಕ್ರೈಸ್ತನಿಗೆ ಯಾವ ಗೋಡೆಯು ನೆರಳು ಕೊಡುವದೋ ಅದೇ ಗೋಡೆಯನ್ನು ಅಮೇರಿಕೆಯಲ್ಲಿ ಬಹುಸಂಖ್ಯಾತನಾದ ಕ್ರೈಸ್ತನು ಕೆಡವಲು ಹೊರಟಿರುವನು. ಅಲ್ಲಿಯದನ್ನು ಕಂಡು ಹುಬ್ಬೇರಿಸುವ ನಮ್ಮ ಹಿಂದೂ ಮಿತ್ರರಿಗೂ ಇದೇ ಅಳತೆ ಸಲ್ಲುವದು. ಅಲ್ಲಿ ದಶಾಜ್ಞೆಗಳ ಹಲಗೆ ತಪ್ಪಾದರೆ ಇಲ್ಲಿ ಅಂಥದೇ ಇನ್ನೊಂದು ಹಲಗೆ ಸರಿಯಾಗುವದು ಹೇಗೆ?

‘ಸೆಕ್ಯುಲರ’ ಎಂಬ ಶಬ್ದವನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ತುರುಕಿದರೆಂಬ ಆಕ್ಷೇಪವು ಆಗಾಗ ಕೇಳಿಬರುತ್ತದೆ. ಶಬ್ದವು ೧೯೭೬ರಲ್ಲಿ ಬಂದದ್ದು ನಿಜ; ಅರ್ಥವು ೧೯೫೦ರಿಂದ ಇದ್ದದ್ದು. ನಮ್ಮ ನಾಡಿನ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ೧೯೮೯ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಖಟ್ಲೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೧೯೯೪ರ ಮಾರ್ಚ್ ೧೧ರಂದು ಮತಾತೀತತೆಯು ಸಂವಿಧಾನದ ಮೂಲರಚನೆಗೆ ಸೇರಿದ್ದೆಂದು ತೀರ್ಪು ಕೊಟ್ಟಿತು. ಇದಕ್ಕಿಂತ ತೂಕವುಳ್ಳ ಆಕ್ಷೇಪವು ಇನ್ನೊಂದಿದೆ. ಸರಕಾರವು ಮುಜರಾಯಿ ಇಲಾಖೆಯ ಮೂಲಕ ಗುಡಿಗಳ ಆಡಳಿತದಲ್ಲಿ ಕೈಹಾಕಿ ಕುಳಿತಿರುವಾಗ ಮತಾತೀತವೆಂದು ಹೇಗೆ ಹೇಳಿಕೊಳ್ಳುವದು? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವದಿಲ್ಲ. ಗುಡಿಯ ಬಾಗಿಲನ್ನು ದಲಿತರಿಗೆ ತೆರೆಯಿಸಲು ಸರಕಾರದ ಕೈ ಬೇಕಾಯಿತು, ಇಂದಿಗೂ ಬೇಕು. ಲೆಕ್ಕಪತ್ರಗಳ ತನಿಖೆಯೂ ಬೇಕು. ಅದರಾಚೆಗೆ ಆ ಕೈ ಎಷ್ಟು ಬೇಗ ಹಿಂದೆ ಸರಿದರೆ ಅಷ್ಟು ಒಳಿತು.

ಏಕೆಂದರೆ ಸರಕಾರದ ಕೈ ಮತದೊಳಗೆ ಬಂದರೆ ಎಲ್ಲಿಯ ವರೆಗೆ ಬರುವದೆಂಬುದನ್ನು ಕರ್ನಾಟಕವು ಇತ್ತೀಚೆಗೆ ಕಂಡಿದೆ. ೨೦೧೮ರಲ್ಲಿ ನಿವೃತ್ತ ನ್ಯಾಯಮೂರ್ತಿ ನಾಗಮೋಹನದಾಸರ ಸಮಿತಿಯ ವರದಿಯನ್ನು ಮುಂದಿಟ್ಟುಕೊಂಡು ರಾಜ್ಯದ ಸಚಿವಸಂಪುಟವು ಬಸವಣ್ಣನವರ ಅನುಯಾಯಿಗಳದು ಪ್ರತ್ಯೇಕ ಧರ್ಮವೇ ಅಲ್ಲವೇ ಎಂದು ನಿರ್ಣಯಿಸಲು ಕುಳಿತಿತು. ಆ ವಾದದಲ್ಲಿ ಯಾರದು ಸರಿಯೆಂಬುದು ಇಲ್ಲಿಯ ವಿಷಯವಲ್ಲ. ಅರಮನೆಯನ್ನು ತೊರೆದ ಶರಣರ ಮತವು ಏನೆಂಬುದನ್ನು ವಿಧಾನಸೌಧದಲ್ಲಿ ಕೇಳಿ ತಿಳಿಯಬೇಕಾಯಿತೆಂಬುದು ನಮ್ಮ ದುಃಖ.

೨೦೨೨ರ ಮತಾಂತರ ನಿರ್ಬಂಧದ ಕಾಯದೆಯನ್ನೂ ನೋಡಿರಿ. ಮತ ಬದಲಿಸಬಯಸುವವನು ಮೂವತ್ತು ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಲಿಖಿತ ಸೂಚನೆ ಕೊಡಬೇಕು. ತಾನು ಬಲಾತ್ಕಾರ ಮಾಡಲಿಲ್ಲವೆಂದು ರುಜುವಾತು ಮಾಡುವ ಭಾರವು ಆರೋಪಿಯ ಮೇಲೆ. ೨೦೨೩ರ ಜೂನಿನಲ್ಲಿ ಸಚಿವಸಂಪುಟವು ಅದನ್ನು ರದ್ದು ಮಾಡಲು ನಿರ್ಧರಿಸಿತು. ಆಮಿಷ ಬಲಾತ್ಕಾರಗಳಿಂದ ಮತ ಬದಲಿಸುವದು ಹೇಯವೆಂಬುದರಲ್ಲಿ ಎರಡು ಮಾತಿಲ್ಲ. ಅವಕ್ಕೆ ಸಾಮಾನ್ಯ ದಂಡಸಂಹಿತೆಯಿದೆ. ಆದರೆ ನಿಜಾಮರ ಇಲಾಖೆಗೆ ಗುಡಿಯ ಪರವಾನಗಿಗಾಗಿ ಅರ್ಜಿ ಬರೆದ ಅಜ್ಜನ ಮೊಮ್ಮಗನು, ದೇವರನ್ನು ಬದಲಿಸುವ ಮೊದಲು ನೆರೆಯವನು ಕಚೇರಿಗೆ ಅರ್ಜಿ ಬರೆಯಲಿ ಎಂದು ಒತ್ತಾಯಿಸುವದು ನಮಗೆ ಅರ್ಥವಾಗದು.

ಇದರ ಮಗ್ಗುಲಿಗೆ ಇನ್ನೊಂದನ್ನು ಇಡದಿದ್ದರೆ ನಮ್ಮ ಮೇಲೆ ಪಕ್ಷಪಾತದ ಆರೋಪ ಬಂದೀತು. ೨೦೨೫ರ ಅಕ್ಟೋಬರದಲ್ಲಿ ಚಿತ್ತಾಪುರದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪಥಸಂಚಲನಕ್ಕೆ ಅನುಮತಿ ನಿರಾಕರಿಸಲಾಯಿತು. ವಿಷಯವು ಕಲಬುರ್ಗಿಯ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಿ, ನವಂಬರ ೧೬ರಂದು ಕಟ್ಟುಪಾಡುಗಳೊಡನೆ ಸಂಚಲನವು ನಡೆಯಿತು. ಸಂಘದ ಹಿಂದೂ ರಾಷ್ಟ್ರದ ವಿಚಾರವು ನಮಗೆ ಒಪ್ಪಿಗೆಯಿಲ್ಲ. ಈ ಲೇಖನವೇ ಅದಕ್ಕೆ ಸಾಕ್ಷಿ. ಆದರೂ ಶಾಂತಿಯಿಂದ ಬೀದಿಯಲ್ಲಿ ನಡೆಯುವ ಹಕ್ಕು ಅವರಿಗೂ ಉಂಟು, ಭೀಮಸೇನೆಗೂ ಉಂಟು, ಮೊಹರಮ್ಮಿನ ಮೆರವಣಿಗೆಗೂ ಕ್ರಿಸ್ತಜಯಂತಿಯ ಮೆರವಣಿಗೆಗೂ ಉಂಟು. ಬೀದಿಯು ಎಲ್ಲರದು. ಬೀದಿಯಿಂದ ಗದ್ದುಗೆಗೆ ಏರುವ ಮೆಟ್ಟಿಲು ಯಾವ ಮತಕ್ಕೂ ಇರಬಾರದು.

ನಮ್ಮ ತಾಲೂಕುಗಳ ಶಿಕ್ಷಕ ಬಂಧುಗಳಲ್ಲಿ ಒಂದು ಕೋರಿಕೆ. ಪ್ರತಿವರ್ಷ ಸಪ್ಟೆಂಬರ ೧೭ರಂದು ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಧ್ವಜವೇರಿಸಿ ಭಾಷಣ ಮಾಡುವಿರಿ. ಸರದಾರ ಪಟೇಲರ ಹೆಸರನ್ನೂ ಸ್ವಾಮಿ ರಮಾನಂದ ತೀರ್ಥರ ಹೆಸರನ್ನೂ ಹೇಳುವಿರಿ, ಅವಶ್ಯವಾಗಿ ಹೇಳಬೇಕು. ಬರುವ ವರ್ಷ ಶೋಯೆಬುಲ್ಲಾ ಖಾನರ ಹೆಸರನ್ನೂ ಹೇಳಿರಿ. ಆ ದಿನದ ನಂತರ ಕಲಬುರ್ಗಿ ಜಿಲ್ಲೆಯಲ್ಲಿ ಸತ್ತವರಿಗಾಗಿ ಮಕ್ಕಳನ್ನು ಒಂದು ನಿಮಿಷ ಎದ್ದು ನಿಲ್ಲಿಸಿರಿ. ಅನುಕೂಲವಿದ್ದರೆ ಒಂದು ಸಂಜೆ ಹಿರಿಯ ವರ್ಗದ ಹುಡುಗ ಹುಡುಗಿಯರನ್ನು ಮಳಖೇಡಕ್ಕೆ ಕರೆದೊಯ್ದು, ಬಸದಿಯ ಜಗಲಿಯ ಮೇಲೆ ಕುಳ್ಳಿರಿಸಿ, ಅರಬ ಅಧಿಪತಿಯು ದೇವಿಯ ಮಠಕ್ಕೆ ಭೂಮಿ ಕೊಟ್ಟ ಕಥೆಯನ್ನು ತಿಳಿಸಿರಿ. ಚಿತ್ತಾಪುರದಿಂದ ಮಳಖೇಡವು ದೂರವಲ್ಲ.